ಗುಳಿಗೆಗೆ ರೋಗದ ಹೆಸರು ಗೊತ್ತಿಲ್ಲ

ಸ್ಟ್ರಿಪ್ ಕತ್ತರಿಸುವುದಕ್ಕೂ ಒಂದು ರೀತಿ ಇದೆ. ಹತ್ತು ಗುಳಿಗೆಯ ಸ್ಟ್ರಿಪ್‌ನಲ್ಲಿ ಗಿರಾಕಿ ನಾಲ್ಕು ಮಾತ್ರ ಕೇಳಿದರೆ, ಹೆಸರೂ ಎಕ್ಸ್‌ಪೈರಿ ತಾರೀಕೂ ಇರುವ ತುದಿ ಯಾರ ಪಾಲಿಗೆ ಹೋಗಬೇಕು? ಅಂಗಡಿಯಲ್ಲಿ ಉಳಿಯುವ ಆರಕ್ಕೆ ತಾರೀಕು ಬೇಕೇ ಬೇಕು, ಇಲ್ಲದಿದ್ದರೆ ನಾಳೆ ಅವನ್ನು ಮಾರಲು ಬರುವುದಿಲ್ಲ. ಹಾಗಾಗಿ ಹೆಸರಿನ ತುದಿ ನಮ್ಮಲ್ಲಿ ಉಳಿಯುತ್ತದೆ, ಗಿರಾಕಿಯ ಕೈಗೆ ಹೋಗುವುದು ಬರೀ ಬೆಳ್ಳಿ ಬಣ್ಣದ ತುಂಡು. ಬೈಲಹೊಂಗಲದ ಬಜಾರದ ಔಷಧ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ನನಗೆ ಹದಿನೆಂಟು ವರ್ಷ ದಾಟಿತು. ಅಂಥ ತುಂಡು ಎಷ್ಟು ಸಾವಿರ ಕೊಟ್ಟಿದ್ದೇನೋ, ಲೆಕ್ಕ ಇಟ್ಟಿಲ್ಲ. ಅಂಥದ್ದೊಂದು ತುಂಡು ಒಮ್ಮೆ ನನ್ನ ಮುಂದೆಯೇ ಬಂದು ಬಿತ್ತು.

ಜೋಳದ ರಾಶಿ ನಡೆದಿದ್ದ ದಿನಗಳು. ಹಳ್ಳಿಯಿಂದ ಒಬ್ಬ ಅಜ್ಜ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ತಲೆಗೆ ರುಮಾಲು, ಒಂದು ಕೈ ಮೊಣಕಾಲ ಮೇಲೆ.

"ಯವ್ವಾ, ಮಣಕಾಲ ಹಿಡಕೊಂಡ ಬಿಟ್ಟೈತಿ. ರಾಶಿ ಮುಗಿಯೂಮಟ ನಡದ್ರ ಸಾಕು. ಹ್ವಾದ ಸಲ ಕೊಟ್ಟಿದ್ದಿ ನೋಡ, ಅದನ್ನ ಕೊಡು."

ಹೋದ ಸಲ ಕೊಟ್ಟಿದ್ದು ಡೈಕ್ಲೊಫೆನಾಕ್. ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಗುಳಿಗೆ, ಸ್ಟ್ರಿಪ್ ಮೇಲೆ ಅದಕ್ಕೆಂದೇ ಕೆಂಪು ಗೆರೆ ಇರುತ್ತದೆ. ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕೌಂಟರಿನ ಮುಂದೆ ಏಳೆಂಟು ಜನ, ಎಲ್ಲರಿಗೂ ಸಂಜೆ ಬಸ್ಸಿನ ಅವಸರ. ಹತ್ತು ಗುಳಿಗೆ ಕೊಟ್ಟು, "ಊಟಾ ಆದಮ್ಯಾಲ ತಗೋರಿ ಅಜ್ಜಾರ" ಎಂದೆ. ಅಷ್ಟು ಹೇಳಿದೆನಲ್ಲ, ನನ್ನ ಪಾಲಿನ ಕೆಲಸ ಮುಗಿಯಿತು ಅಂದುಕೊಂಡೆ.

ಎಂಟು ದಿನ ಬಿಟ್ಟು ಅವರ ಸೊಸೆ ಬಂದಳು.

"ಅಕ್ಕಾರ, ಗ್ಯಾಸಿನ ಗುಳಿಗಿ ಕೊಡ್ರಿ. ನಮ್ಮ ಮಾವಾರದು ಹೊಟ್ಟಿ ಕೆಟ್ಟೈತಿ."

"ಕೆಟ್ಟೈತಿ ಅಂದ್ರ ಏನಾಗೈತಿ?"

ಆಕೆ ಆಚೀಚೆ ನೋಡಿ ದನಿ ಇಳಿಸಿದಳು. "ಸಂಡಾಸ ಡಾಂಬರದಂಗ ಕರ್ರಗ ಆಗಾಕತ್ತೈತ್ರಿ. ಎದ್ದ ನಿಂತ್ರ ತಲಿ ತಿರಗತೈತಿ ಅಂತಾರ."

ಡಾಂಬರಿನಂಥ ಮಲ ಎಂದರೆ ಹೊಟ್ಟೆಯೊಳಗೆ ರಕ್ತ ಸೋರಿ, ಅದು ಜೀರ್ಣವಾಗಿ ಕಪ್ಪಾಗಿ ಹೊರಗೆ ಬರುತ್ತಿದೆ ಎಂದು. ಆಗ ಕೇಳಿದೆ, ಎಂಟು ದಿನ ಮೊದಲೇ ಕೇಳಬೇಕಿದ್ದ ಪ್ರಶ್ನೆ: ಬೇರೆ ಏನು ಗುಳಿಗೆ ತೆಗೆದುಕೊಳ್ಳುತ್ತಾರೆ? ಆಕೆ ಚೀಲದೊಳಗಿಂದ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಒಂದು ತುಂಡು ಮುಂದಿಟ್ಟಳು. "ಇವೊಂದ ಅದಾವ್ರಿ, ಹಾರ್ಟಿನವು. ಮೂರ ವರ್ಷದ ಹಿಂದ ಬೆಳಗಾವ್ಯಾಗ ಸ್ಪ್ರಿಂಗ್ ಹಾಕ್ಯಾರಲ್ರಿ." ಕತ್ತರಿಸಿದ ತುಂಡು. ಅದರ ಬೆನ್ನ ಮೇಲೆ ಒಂದು ಹೆಸರಿನ ಕೊನೆಯ ಎರಡಕ್ಷರ, ಪಕ್ಕದಲ್ಲಿ 75 ಎಂಬ ಅಂಕಿ. ಆಸ್ಪಿರಿನ್. ಕತ್ತರಿಸಿದ್ದು ನಮ್ಮ ಅಂಗಡಿಯ ಕತ್ತರಿಯೋ ಇನ್ನೊಂದರದೋ, ಹೇಳುವಂತಿರಲಿಲ್ಲ.

ಗ್ಯಾಸಿನ ಗುಳಿಗೆ ಕೊಡಲಿಲ್ಲ. ಅಲ್ಲೇ ನಿಂತು 108ಕ್ಕೆ ಫೋನ್ ಮಾಡಿಸಿದೆ, ಎರಡೂ ಗುಳಿಗೆಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಆಕೆಯ ಕೈಗಿಟ್ಟೆ. ಬೆಳಗಾವಿಯ ದವಾಖಾನೆಯಲ್ಲಿ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದರಂತೆ, ಹುಣ್ಣಾಗಿ ರಕ್ತ ಜಿನುಗುತ್ತಿತ್ತಂತೆ. ಎರಡು ಬಾಟಲಿ ರಕ್ತ ಏರಿಸಿದರು. ಅಜ್ಜ ಉಳಿದರು. ಆ ವಾರ ನನಗೆ ಕತ್ತರಿ ಹಿಡಿಯಲು ಮನಸ್ಸಾಗಲಿಲ್ಲ.

ಮೊಣಕಾಲಿಗೆಂದು ನುಂಗಿದ್ದು ಹೊಟ್ಟೆಯಲ್ಲಿ ಯಾಕೆ ರಕ್ತ ಸುರಿಸಿತು? ಡಿ.ಫಾರ್ಮ್ ಓದುವಾಗ ಇದಕ್ಕೆ ಉತ್ತರ ಬರೆದು ಅಂಕ ತೆಗೆದುಕೊಂಡವಳು ನಾನು. ಅರ್ಥವಾದದ್ದು ಮಾತ್ರ ಆ ವಾರ.

ನಮ್ಮ ಕಡೆಯವರಿಗೆ ಕಬ್ಬಿನ ಗಾಣ ಇಟ್ಟುಕೊಂಡು ಹೇಳಿದರೆ ಬೇಗ ತಿಳಿಯುತ್ತದೆ. ಮೈಯ ಬಹುತೇಕ ಜೀವಕೋಶಗಳಲ್ಲಿ ಕಾಕ್ಸ್ ಎಂಬ ಕಿಣ್ವ ಇದೆ. ಅದೇ ಗಾಣ. ಜೀವಕೋಶದ ಪೊರೆಯಿಂದ ಕಳಚಿ ಬರುವ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬು ಅದರ ಬಾಯಿಗೆ ಹಾಕುವ ಕಬ್ಬು. ಒಂದೇ ಕಬ್ಬಿನ ಹಾಲಿನಿಂದ ಒಬ್ಬರು ಬೆಲ್ಲ ಮಾಡುತ್ತಾರೆ, ಇನ್ನೊಬ್ಬರು ಸಕ್ಕರೆ ಮಾಡುತ್ತಾರೆ, ಕಾಕಂಬಿಯೂ ಅದರಿಂದಲೇ ಬರುತ್ತದೆ. ಹಾಗೆಯೇ ಈ ಗಾಣದ ಹಾಲಿನಿಂದ ಒಂದೊಂದು ಅಂಗ ತನಗೆ ಬೇಕಾದ್ದನ್ನು ಮಾಡಿಕೊಳ್ಳುತ್ತದೆ. ಊದಿಕೊಂಡ ಮೊಣಕಾಲಲ್ಲಿ ನೋವನ್ನು ಹೆಚ್ಚಿಸುವ ಪ್ರೊಸ್ಟಾಗ್ಲಾಂಡಿನ್ ಆಗುತ್ತದೆ. ಹೊಟ್ಟೆಯಲ್ಲಿ ಅದೇ ಕುಲದ ವಸ್ತು ಒಳಗೋಡೆಗೆ ಲೋಳೆ ಬಳಿಸಿ, ಆಮ್ಲ ಕಡಿಮೆ ಮಾಡಿ, ಹೊಟ್ಟೆ ತನ್ನನ್ನು ತಾನೇ ಅರಗಿಸಿಕೊಳ್ಳದಂತೆ ಕಾಯುತ್ತದೆ. ರಕ್ತದ ಪ್ಲೇಟ್‌ಲೆಟ್‌ನಲ್ಲಿ ಅದು ಥ್ರಾಂಬಾಕ್ಸೇನ್ ಆಗಿ, ಗಾಯವಾದಲ್ಲಿ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

ಡೈಕ್ಲೊಫೆನಾಕ್ ಗಾಣದ ಬಾಯಿಗೆ ಅಡ್ಡ ನಿಲ್ಲುತ್ತದೆ, ಕೆಲವು ಗಂಟೆ ನಿಂತು ಹೊರಟುಹೋಗುತ್ತದೆ. ಆಸ್ಪಿರಿನ್ ಹಾಗಲ್ಲ. ತನ್ನ ಮೈಯ ಒಂದು ತುಣುಕನ್ನೇ ಮುರಿದು ಗಾಣದ ಬಾಯಲ್ಲಿ ಬೆಸುಗೆ ಹಾಕಿ ಹೋಗುತ್ತದೆ, ಆ ಗಾಣ ಮತ್ತೆ ತಿರುಗುವುದಿಲ್ಲ. ಬೇರೆ ಜೀವಕೋಶಗಳು ಹೊಸ ಗಾಣ ಕಟ್ಟಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲ, ಕಟ್ಟುವ ನಕ್ಷೆಯೇ ಅದರ ಬಳಿ ಇಲ್ಲ. ಅದು ಸಾಯುವವರೆಗೂ, ಅಂದರೆ ಎಂಟು ಹತ್ತು ದಿನ, ಅಂಟುವ ಗುಣ ಕಳೆದುಕೊಂಡೇ ತಿರುಗುತ್ತದೆ. ಹೃದಯದ ರಕ್ತನಾಳಕ್ಕೆ ಸ್ಪ್ರಿಂಗ್, ಅಂದರೆ ಸ್ಟೆಂಟ್, ಹಾಕಿಸಿಕೊಂಡವರಿಗೆ ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು 75 ಮಿಲಿಗ್ರಾಂನಷ್ಟು ಪುಟ್ಟ ಗುಳಿಗೆ ದಿನಕ್ಕೊಂದೇ ಸಾಕಾಗುವುದು ಇದರಿಂದಲೇ.

ಅಜ್ಜನ ಹೊಟ್ಟೆಯಲ್ಲಿ ಆದದ್ದು ಇಷ್ಟು. ಎರಡೂ ಗುಳಿಗೆ ಸೇರಿ ಹೊಟ್ಟೆಯ ಕಾವಲು ತೆಗೆದವು, ಗೋಡೆ ಹುಣ್ಣಾಯಿತು. ಸೋರಿದ ರಕ್ತ ನಿಲ್ಲಬೇಕೆಂದರೆ ಪ್ಲೇಟ್‌ಲೆಟ್‌ಗಳ ಗಾಣ ಬಂದ್. ಇನ್ನು ನನ್ನ ಆ "ಊಟಾ ಆದಮ್ಯಾಲ" ಎಂಬ ಮಾತು. ಊಟ ಮಾಡಿ ತೆಗೆದುಕೊಂಡರೆ ಹೊಟ್ಟೆಯ ಉರಿ ಸ್ವಲ್ಪ ಕಡಿಮೆ ಅನ್ನಿಸಬಹುದು. ಆದರೆ ಹುಣ್ಣು ಮಾಡುವ ಮುಖ್ಯ ಕೆಲಸ ನಡೆಯುವುದು ಗುಳಿಗೆ ರಕ್ತಕ್ಕೆ ಸೇರಿ ಮರಳಿ ಹೊಟ್ಟೆಯ ಗೋಡೆಗೆ ಬಂದ ಮೇಲೆ. ಸೂಜಿಯಲ್ಲಿ ಕೊಟ್ಟರೂ ಆಗುತ್ತದೆ. ಗುಳಿಗೆಗೆ ರೋಗದ ಹೆಸರು ಗೊತ್ತಿಲ್ಲ, ಊರಿನ ಹೆಸರೂ ಗೊತ್ತಿಲ್ಲ. ತನಗೆ ಹೊಂದುವ ಬೀಗ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹೋಗಿ ಕೂರುತ್ತದೆ.

ಈ ಗಾಣದ ಸುದ್ದಿ ಜಗತ್ತಿಗೆ ತಿಳಿದದ್ದು ತೀರ ತಡವಾಗಿ ಎಂಬುದು ನನಗೆ ಇವತ್ತಿಗೂ ಸೋಜಿಗ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲೆಂಡಿನ ಪಾದ್ರಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ವಿಲೋ ಮರದ ತೊಗಟೆಯನ್ನು ನಾಲಿಗೆಗೆ ಹಚ್ಚಿ ನೋಡಿದ್ದನಂತೆ, ಚಳಿಜ್ವರಕ್ಕೆ ಕೊಡುವ ಸಿಂಕೋನಾದ ಹಾಗೆ ಕಹಿ. ಒಣಗಿಸಿ, ಪುಡಿ ಮಾಡಿ, ಸುಮಾರು 50 ಜನರಿಗೆ ಕೊಟ್ಟು ಜ್ವರ ಇಳಿಯುವುದನ್ನು ಕಂಡಿದ್ದ. ಕಹಿ ಇದ್ದದ್ದೆಲ್ಲ ಔಷಧ ಎಂಬ ನಮ್ಮ ಅಜ್ಜಿಯಂದಿರ ಲೆಕ್ಕವೇ ಅವನದೂ. ಆ ತೊಗಟೆಯಿಂದ ಸ್ಯಾಲಿಸಿಲಿಕ್ ಆಮ್ಲದ ಜಾಡು ಸಿಕ್ಕಿತು, ಜನ ಅದನ್ನು ನುಂಗಿ ಹೊಟ್ಟೆ ಹಿಡಿದುಕೊಂಡರು. 1897ರಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಅದಕ್ಕೆ ಒಂದು ಅಸಿಟೈಲ್ ತುಣುಕು ಜೋಡಿಸಿದ. ಗಾಣದ ಬಾಯಲ್ಲಿ ಬೆಸುಗೆಯಾಗುವ ತುಣುಕು ಅದೇ. ಅವನಿಗೆ ಮಾತ್ರ ಅದರ ಸುಳಿವೂ ಇರಲಿಲ್ಲ. 1899ರಲ್ಲಿ ಆಸ್ಪಿರಿನ್ ಮಾರಾಟಕ್ಕೆ ಬಂತು. ಅದು ಕೆಲಸ ಮಾಡುವ ಬಗೆಯನ್ನು ಜಾನ್ ವೇನ್ ಎಂಬ ಬ್ರಿಟಿಷ್ ವಿಜ್ಞಾನಿ ತೋರಿಸಿಕೊಟ್ಟದ್ದು 1971ರಲ್ಲಿ. ಎಪ್ಪತ್ತೆರಡು ವರ್ಷ ಜಗತ್ತೆಲ್ಲ ಗುಳಿಗೆ ನುಂಗಿತು, ಒಳಗೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ವೇನ್‌ಗೆ 1982ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಪ್ರೊಸ್ಟಾಗ್ಲಾಂಡಿನ್ ಎಂಬ ಹೆಸರೇ ತಪ್ಪು ವಿಳಾಸ, ಗೊತ್ತೇ? 1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಇದನ್ನು ವೀರ್ಯದಲ್ಲಿ ಕಂಡು, ಪ್ರಾಸ್ಟೇಟ್ ಗ್ರಂಥಿಯಿಂದಲೇ ಬಂದಿರಬೇಕು ಎಂದು ಹಾಗೆ ಕರೆದ. ಅದು ಮೈತುಂಬ ಇದೆ ಎಂದು ತಿಳಿಯುವಷ್ಟರಲ್ಲಿ ಹೆಸರು ಅಂಟಿಬಿಟ್ಟಿತ್ತು.

ಒಂದೇ ಬೀಗಕ್ಕೆ ಕೂರುವ ಗುಳಿಗೆ ಮಾಡಿದರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಔಷಧ ಕಂಪನಿಗಳಿಗೂ ಅನ್ನಿಸಿತು. 1990ರ ದಶಕದ ಮೊದಲಿಗೆ ಈ ಗಾಣ ಎರಡು ಬಗೆಯದು ಎಂದು ತಿಳಿಯಿತು: ಹೊಟ್ಟೆ, ಪ್ಲೇಟ್‌ಲೆಟ್‌ಗಳಲ್ಲಿ ಮುಖ್ಯವಾಗಿ ಒಂದನೆಯದು, ಊತವಿರುವಲ್ಲಿ ಎರಡನೆಯದು. ಎರಡನೆಯದನ್ನಷ್ಟೇ ನಿಲ್ಲಿಸುವ ರೋಫೆಕಾಕ್ಸಿಬ್ 1999ರಲ್ಲಿ ಬಂತು. ಹೊಟ್ಟೆಗೆ ತೊಂದರೆ ನಿಜವಾಗಿಯೂ ಕಡಿಮೆಯಾಯಿತು. ಆದರೆ ರಕ್ತನಾಳದ ಗೋಡೆ ತನ್ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡಿಕೊಳ್ಳುವ ಪ್ರೊಸ್ಟಾಸೈಕ್ಲಿನ್ ಆ ಎರಡನೆಯ ಗಾಣದ ಹಾಲೇ. ಅದು ನಿಂತಿತು, ಪ್ಲೇಟ್‌ಲೆಟ್‌ಗಳ ಅಂಟು ಹಾಗೆಯೇ ಉಳಿಯಿತು. ಹೃದಯಾಘಾತಗಳು ಹೆಚ್ಚಿದ್ದು ಕಂಡು 2004ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು, ಭಾರತದಲ್ಲೂ ನಿಷೇಧವಾಯಿತು. ಆಗ ನಾನು ಬೆಳಗಾವಿಯಲ್ಲಿ ಓದುತ್ತಿದ್ದೆ. ನೋಟ್ಸ್‌ನಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆಯಿರಿ ಎಂದು ಸರ್ ಹೇಳಿದರು, ಎಳೆದೆವು. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಅದೇ ದಿನಗಳಲ್ಲಿ ಅದೇ ಬೆಳಗಾವಿಯ ಹಳ್ಳಿಗಳಲ್ಲಿ ಇನ್ನೊಂದು ಗುಳಿಗೆಯ ಪರೀಕ್ಷೆ ನಡೆದಿತ್ತು ಎಂಬುದು ನನಗೆ ತಿಳಿದದ್ದು ಬಹಳ ವರ್ಷ ಕಳೆದು, ಕೌಂಟರಿನಲ್ಲೇ. ನಿವೃತ್ತಿಯಾದ ಒಬ್ಬ ನರ್ಸಬಾಯಿ ತಿಂಗಳಿಗೊಮ್ಮೆ ಬಿಪಿ ಗುಳಿಗೆಗೆ ಬರುತ್ತಾರೆ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು, ಅಜ್ಜನ ಕತೆ ಅವರ ಮುಂದೆ ಹೇಳಿಕೊಂಡೆ. ಹೊಟ್ಟೆಯ ಹುಣ್ಣಿಗೆ ಮಿಸೊಪ್ರೊಸ್ಟಾಲ್ ಅಂತ ಒಂದಿತ್ತು, ಈಗ ಯಾರೂ ಅದಕ್ಕೆ ಬರೆಯುವುದಿಲ್ಲ ಎಂದೆ. ಅವರು ನಕ್ಕರು.

"ಹೊಟ್ಟಿ ಹುಣ್ಣಿಗೇನವಾ? ನಾವು ಅದನ್ನ ಬಾಣಂತ್ಯಾರಿಗೆ ಕೊಟ್ಟೀವಿ. ಕೂಸು ಹುಟ್ಟಿದ ಕೂಡ್ಲೆ ಮೂರು ಗುಳಿಗಿ. ಖರೇವು ಯಾವು, ಸುಳ್ಳವು ಯಾವು ನಮಗೂ ಗೊತ್ತಿರ್ತಿದ್ದಿಲ್ಲ."

ಮಿಸೊಪ್ರೊಸ್ಟಾಲ್ ಹುಟ್ಟಿದ್ದು ನಮ್ಮ ಅಜ್ಜನಂಥವರಿಗಾಗಿಯೇ. ನೋವಿನ ಗುಳಿಗೆ ಹೊಟ್ಟೆಯ ಪ್ರೊಸ್ಟಾಗ್ಲಾಂಡಿನ್ ಕಿತ್ತುಕೊಳ್ಳುತ್ತದೆ ಎಂದಾದರೆ ಅದನ್ನೇ ಹೊರಗಿನಿಂದ ಕೊಟ್ಟರಾಯಿತು. ಆದರೆ ಮೈಯಲ್ಲಿ ಹುಟ್ಟುವ ಪ್ರೊಸ್ಟಾಗ್ಲಾಂಡಿನ್‌ಗೆ ಆಯುಷ್ಯ ಕಡಿಮೆ, ಗುಳಿಗೆ ಮಾಡಿದರೆ ನಿಲ್ಲುವುದಿಲ್ಲ. ಅಮೆರಿಕದ ಸರ್ಲ್ ಕಂಪನಿಯ ರಸಾಯನ ವಿಜ್ಞಾನಿಗಳು 1970ರ ದಶಕದಲ್ಲಿ ಅದರ ರಚನೆಯನ್ನು ಸ್ವಲ್ಪ ಬದಲಿಸಿ ನಿಲ್ಲುವಂತೆ ಮಾಡಿದರು. 1988ರಲ್ಲಿ ಆ ದೇಶದಲ್ಲಿ ಅನುಮತಿ ಸಿಕ್ಕಿತು. ಜೊತೆಗೊಂದು ಎಚ್ಚರಿಕೆ: ಬಸುರಿಯರು ತೆಗೆದುಕೊಳ್ಳಕೂಡದು, ಗರ್ಭಕೋಶ ಹಿಂಡುತ್ತದೆ. ಹೊಟ್ಟೆಯ ಬೀಗಕ್ಕೆ ಮಾಡಿದ ಕೀಲಿಕೈ ಗರ್ಭಕೋಶದ ಬೀಗಕ್ಕೂ ಹೊಂದಿಬಿಟ್ಟಿತ್ತು.

ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗಿ ಹಿಂಡಿಕೊಂಡರೆ ಮಾತ್ರ ರಕ್ತ ನಿಲ್ಲುತ್ತದೆ. ಸಡಿಲ ಬಿಟ್ಟರೆ ತಾಯಿ ಕಣ್ಣೆದುರೇ ಹೋಗುತ್ತಾಳೆ. ಅದಕ್ಕೆ ಆಕ್ಸಿಟೋಸಿನ್ ಸೂಜಿ ಇದೆ, ಅದನ್ನು ತಂಪಿನಲ್ಲಿ ಇಡಬೇಕು. ಆ ಕಾಲದ ಹಳ್ಳಿಯಲ್ಲಿ ಕರೆಂಟ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ದೇವರಿಗೇ ಗೊತ್ತು. ಮಿಸೊಪ್ರೊಸ್ಟಾಲ್‌ಗೆ ಫ್ರಿಜ್ ಬೇಡ, ಸೂಜಿಯೂ ಬೇಡ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ವಿಶ್ವವಿದ್ಯಾಲಯಗಳ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. 1620 ಮಹಿಳೆಯರು. ಹೆರಿಗೆ ಆದದ್ದು ಮನೆಗಳಲ್ಲಿ, ಉಪಕೇಂದ್ರಗಳಲ್ಲಿ. ಮಾಡಿಸಿದವರು ಈ ನರ್ಸಬಾಯಿಯಂಥ ಎಎನ್‌ಎಂಗಳು. ಅರ್ಧದಷ್ಟು ತಾಯಂದಿರಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, ಉಳಿದವರಿಗೆ ನೋಡಲು ಅದೇ ಥರದ, ಒಳಗೆ ಔಷಧವಿಲ್ಲದ ಗುಳಿಗೆ.

"ರಗತಾ ಹೆಂಗ ಅಳೀತಿದ್ರಿ?" ಎಂದೆ.

"ಪ್ಲಾಸ್ಟಿಕ್ಕಿನ ಹಾಳಿ ಇರ್ತಿತ್ತವಾ, ಕೆಳಗ ಲಾಳಕಿಯಂಗ ಚೀಲ, ಅದಕ್ಕ ಗೆರಿ ಹಾಕಿದ್ರು. ಮೊದಲೆಲ್ಲಾ ಬರೇ ಕಣ್ಣಿಲೆ ನೋಡಿ ಒಂದೀಟ ಹೋಗೇತಿ ಅಂತ ಬರೀತಿದ್ವಿ. ಚೀಲದಾಗ ನೋಡಿದ್ರ ಎದಿ ಝಲ್ ಅಂತಿತ್ತು."

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಸುಳ್ಳು ಗುಳಿಗೆ ತೆಗೆದುಕೊಂಡವರಲ್ಲಿ ನೂರಕ್ಕೆ 12 ಜನರಿಗೆ ಅತಿ ರಕ್ತಸ್ರಾವ, ಖರೇ ಗುಳಿಗೆಯವರಲ್ಲಿ 6.4. ಹದಿನೆಂಟು ಜನರಿಗೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ. ತೊಂದರೆಯೇ ಇಲ್ಲ ಎಂದಲ್ಲ, ಕೆಲವರಿಗೆ ಮೈ ನಡುಗಿ ಜ್ವರ ಬರುತ್ತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಜಿಲ್ಲೆಯ ತಾಯಂದಿರ ಮೇಲೆ ಆದ ಪರೀಕ್ಷೆ ಅದಕ್ಕೆ ಒಂದು ಆಧಾರ ಎಂಬುದು ಇಲ್ಲಿನ ಎಷ್ಟು ಜನರಿಗೆ ಗೊತ್ತು? ಔಷಧ ಓದುತ್ತಿದ್ದ ನನಗೇ ಗೊತ್ತಿರಲಿಲ್ಲ.

ಗರ್ಭ ಇಳಿಸಲು ಇದೇ ಗುಳಿಗೆಯನ್ನು ಕೇಳಿಕೊಂಡು ಬರುವ ಇನ್ನೊಂದು ಬಗೆಯ ಗಿರಾಕಿ ಇದ್ದಾರೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಬೈಕ್ ದೂರ ನಿಲ್ಲಿಸಿ ಬರುತ್ತಾರೆ, ಕಾಗದದಲ್ಲಿ ಹೆಸರು ಬರೆದುಕೊಂಡು ಬರುತ್ತಾರೆ, ಯಾರಿಗೆಂದು ಕೇಳಿದರೆ ಮಾತಿಲ್ಲ. ಚೀಟಿ ಇಲ್ಲದೆ ಕೊಡುವುದಿಲ್ಲ. ಎಷ್ಟು ತಿಂಗಳು, ಗರ್ಭ ಎಲ್ಲಿ ನಿಂತಿದೆ ಎಂದು ನೋಡದೆ ತೆಗೆದುಕೊಂಡು ರಕ್ತ ಹರಿದು ದವಾಖಾನೆಗೆ ಓಡಿದವರಿದ್ದಾರೆ. ಒಬ್ಬರನ್ನು ಉಳಿಸುವ ಹಿಂಡುವಿಕೆಯೇ ಇನ್ನೊಬ್ಬರಿಗೆ ಕುತ್ತು. "ದೊಡ್ಡ ದವಾಖಾನಿಗೆ ಕರಕೊಂಡ ಹೋಗ್ರಿ, ಕಾಯ್ದೇದಾಗ ಅವಕಾಶ ಐತಿ, ಹೆದರಬ್ಯಾಡ್ರಿ" ಎನ್ನುತ್ತೇನೆ. ಸಿಟ್ಟಿನಿಂದ ಹೋಗುತ್ತಾರೆ, ಹೋಗಲಿ.

ಕೆಮ್ಮಿನ ಮಾಸ್ತರರ ಸುದ್ದಿ ಇದಕ್ಕಿಂತ ಹಗುರ, ಆದರೆ ನನ್ನ ಪೆದ್ದುತನ ಅದರಲ್ಲೂ ಇದೆ. ನಿವೃತ್ತ ಮಾಸ್ತರರು, ಒಣ ಕೆಮ್ಮು. ರಾತ್ರಿ ಮಲಗಲು ಬಿಡುವುದಿಲ್ಲ, ಕಫವಿಲ್ಲ, ಜ್ವರವಿಲ್ಲ. ಮೂರು ತಿಂಗಳಲ್ಲಿ ನಾಲ್ಕು ಬಾಟಲಿ ಸಿರಪ್ ಒಯ್ದರು. ನಾಲ್ಕನ್ನೂ ಮಾರಿದವಳು ನಾನೇ. ಅಜ್ಜನ ಪ್ರಕರಣ ಆದ ಮೇಲೆ ಐದನೆಯದಕ್ಕೆ ಬಂದಾಗ ಕೇಳಿದೆ, "ಸರ್, ಬಿಪಿಗೆ ಏನ್ ತಗೋತೀರಿ?" ರಾಮಿಪ್ರಿಲ್. ಶುರು ಮಾಡಿ ನಾಲ್ಕು ತಿಂಗಳು.

ಈ ಜಾತಿಯ ಗುಳಿಗೆಯ ಮೂಲ ಹಾವಿನ ವಿಷ. ಬ್ರೆಜಿಲ್‌ನಲ್ಲಿ ಜರಾರಾಕಾ ಎಂಬ ಮಂಡಲದ ಜಾತಿಯ ಹಾವಿದೆ, ಕಚ್ಚಿದರೆ ರಕ್ತದ ಒತ್ತಡ ಕುಸಿಯುತ್ತದೆ. ಅಲ್ಲಿನ ವಿಜ್ಞಾನಿ ಸರ್ಜಿಯೊ ಫೆರೇರಾ ಆ ವಿಷದ ಸಾರವನ್ನು ಲಂಡನ್ನಿಗೆ ಒಯ್ದರು. ಯಾರ ಪ್ರಯೋಗಾಲಯಕ್ಕೆ? ಅದೇ ಆಸ್ಪಿರಿನ್‌ನ ಜಾನ್ ವೇನ್. ಒತ್ತಡ ಏರಿಸುವ ವಸ್ತುವನ್ನು ತಯಾರಿಸುವ ಏಸ್ ಎಂಬ ಕಿಣ್ವವನ್ನು ವಿಷ ಕಟ್ಟಿಹಾಕುತ್ತದೆ ಎಂದು ಗೊತ್ತಾಯಿತು. ವಿಷದ ಪ್ರೋಟೀನ್ ತುಣುಕನ್ನು ನುಂಗಿದರೆ ಹೊಟ್ಟೆಯಲ್ಲೇ ಅರಗಿಹೋಗುತ್ತದೆ, ಗುಳಿಗೆಯಾಗಿ ಕೆಲಸಕ್ಕೆ ಬಾರದು. ಅಮೆರಿಕದ ಸ್ಕ್ವಿಬ್ ಕಂಪನಿಯ ಕುಷ್ಮನ್ ಮತ್ತು ಒಂಡೆಟ್ಟಿ ಆ ಕಿಣ್ವದ ಬಾಯಿಯ ಆಕಾರ ಹೇಗಿರಬಹುದು ಎಂದು ಊಹಿಸಿ, ಅದಕ್ಕೆ ಕೂರುವಂಥ ಚಿಕ್ಕ ಅಣುವನ್ನು 1975ರಲ್ಲಿ ಕೂಡಿಸಿದರು. ಬೀಗದ ಅಳತೆ ಲೆಕ್ಕ ಹಾಕಿ ಕೀಲಿಕೈ ಕೊರೆದ ಮೊದಮೊದಲ ಔಷಧಗಳಲ್ಲಿ ಆ ಕ್ಯಾಪ್ಟೊಪ್ರಿಲ್ ಒಂದು. ರಾಮಿಪ್ರಿಲ್ ಅದರ ಸಂತಾನ.

ಆದರೆ ಏಸ್ ಕಿಣ್ವಕ್ಕೆ ಇನ್ನೊಂದು ಕೆಲಸವೂ ಇದೆ, ಬ್ರಾಡಿಕೈನಿನ್ ಎಂಬ ವಸ್ತುವನ್ನು ಮುರಿದುಹಾಕುವುದು. ಕಿಣ್ವ ನಿಂತರೆ ಬ್ರಾಡಿಕೈನಿನ್ ಉಸಿರ್ನಾಳದಲ್ಲಿ ಕೂಡಿಕೊಂಡು ಕೆರೆಯುತ್ತದೆ. ನೂರಕ್ಕೆ ಐದರಿಂದ ಇಪ್ಪತ್ತು ಜನರಿಗೆ ಹೀಗೆ ಒಣ ಕೆಮ್ಮು. ಸಿರಪ್ ಬಾವಿಯಷ್ಟು ಕುಡಿದರೂ ಹೋಗದು. ಮಾಸ್ತರರನ್ನು ಅವರ ಡಾಕ್ಟರ ಬಳಿ ಕಳಿಸಿದೆ. ಅವರು ಟೆಲ್ಮಿಸಾರ್ಟಾನ್‌ಗೆ ಬದಲಿಸಿದರು, ಅದು ಏಸ್‌ನ ತಂಟೆಗೆ ಹೋಗದೆ, ಒತ್ತಡ ಏರಿಸುವ ಆ ವಸ್ತು ಹೋಗಿ ಕೂರುವ ಮುಂದಿನ ಬೀಗವನ್ನು ಮುಚ್ಚುತ್ತದೆ. ಕೆಲವೇ ವಾರದಲ್ಲಿ ಕೆಮ್ಮು ನಿಂತಿತು. "ನಾಕ ಬಾಟ್ಲಿ ರೊಕ್ಕ ವಾಪಸ್ ಕೊಡ್ರಿ ಮತ್ತ" ಎಂದು ಮಾಸ್ತರರು ನಗುತ್ತಲೇ ಕೇಳಿದರು. ನಗುತ್ತಲೇ ಆದರೂ ಕೇಳಿದರು.

ಹೊಸ ಔಷಧವನ್ನು ಮೊದಲು ಪ್ರಾಣಿಗಳಲ್ಲಿ, ಆಮೇಲೆ ಆರೋಗ್ಯವಂತ ಕೆಲವರಲ್ಲಿ, ಆಮೇಲೆ ನೂರಾರು, ಸಾವಿರಾರು ರೋಗಿಗಳಲ್ಲಿ ನೋಡಿಯೇ ಮಾರಾಟಕ್ಕೆ ಬಿಡುತ್ತಾರೆ. ಮಾರಾಟದ ನಂತರವೂ ನೋಡುವುದು ನಿಲ್ಲುವುದಿಲ್ಲ, ನಾಲ್ಕನೆಯ ಹಂತ ಅದು. ಪರೀಕ್ಷೆಗೆ ಆರಿಸಿದ ರೋಗಿಗಳು ಹೆಚ್ಚಾಗಿ ಒಂದೇ ಕಾಯಿಲೆಯವರು, ಹೇಳಿದ ಹೊತ್ತಿಗೆ ನುಂಗುವವರು. ನನ್ನ ಮುಂದೆ ನಿಲ್ಲುವವರಿಗೆ ಬಿಪಿ, ಸಕ್ಕರೆ, ಮೊಣಕಾಲು ಮೂರೂ ಇರುತ್ತವೆ, ಮೇಲೆ ನೆರೆಮನೆಯವರು ಕೊಟ್ಟ ಗುಳಿಗೆ ಬೇರೆ. ಔಷಧದಿಂದ ಆದ ತೊಂದರೆಗಳನ್ನು ದಾಖಲಿಸಲು ದೇಶದಲ್ಲಿ 2010ರಿಂದ ಒಂದು ಸರ್ಕಾರಿ ಕಾರ್ಯಕ್ರಮ ಇದೆ, ಫಾರ್ಮಸಿಸ್ಟ್ ಕೂಡ ಬರೆದು ಕಳಿಸಬಹುದು. ಅಜ್ಜನ ಪ್ರಕರಣ ನಾನು ಬರೆದು ಕಳಿಸಲಿಲ್ಲ. ಬರೆದರೆ ಚೀಟಿ ಇಲ್ಲದೆ ಕೊಟ್ಟದ್ದೂ ಬರೆಯಬೇಕಾಗುತ್ತಿತ್ತು. ಮಾಸ್ತರರದ್ದು ಕಳಿಸಿದೆ.

"ಇಂಗ್ಲಿಷ್ ಔಷಧಾನ ಬ್ಯಾಡ, ಗಿಡಮೂಲಿಕಿ ಅಂದ್ರ ಏನೂ ಆಗಂಗಿಲ್ಲ" ಎನ್ನುವವರ ಜೊತೆ ಈಗ ವಾದ ಮಾಡುವುದಿಲ್ಲ. ಆಸ್ಪಿರಿನ್‌ನ ಅಜ್ಜ ಮರದ ತೊಗಟೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹುಟ್ಟಿದ್ದು ಗಲೇಗಾ ಎಂಬ ಗಿಡದ ಜಾಡು ಹಿಡಿದು ಎಂದಷ್ಟೇ ಹೇಳುತ್ತೇನೆ. ಬೆಳಗಾವಿಯಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ ಇದೆ, ಗಿಡಮೂಲಿಕೆಗಳನ್ನು ಪ್ರಯೋಗಾಲಯದಲ್ಲಿಟ್ಟು ನೋಡುವುದೇ ಅವರ ಕೆಲಸ. ಗಿಡದೊಳಗಿನ ಅಣುವಿಗೂ ಬೀಗ ಬೇಕು, ಅದೂ ಒಂದೇ ಬಾಗಿಲಿಗೆ ಹೋಗಿ ಸುಮ್ಮನಿರುವುದಿಲ್ಲ.

ಈಗ ನಮ್ಮಲ್ಲಿ ಕತ್ತರಿ ಬೀಳುವ ರೀತಿ ಬದಲಾಗಿದೆ. ಕತ್ತರಿಸಲೇಬೇಕಾದರೆ ಪುಟ್ಟ ಕಾಗದದ ಕವರಿನ ಮೇಲೆ ಗುಳಿಗೆಯ ಹೆಸರು, ತಾರೀಕು, ಯಾವುದಕ್ಕೆ ಎಂಬುದನ್ನು ಕನ್ನಡದಲ್ಲಿ ಬರೆದು ಅದರೊಳಗೆ ಹಾಕಿ ಕೊಡುತ್ತೇನೆ. ಓದಲು ಬಾರದವರಿಗೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ರಕ್ತ ತೆಳು ಮಾಡುವ ಗುಳಿಗೆಯ ಕವರಿಗೆ ಕೆಂಪು ಪೆನ್ನಿನಿಂದ ಒಂದು ಹನಿ ಬಿಡಿಸುತ್ತೇನೆ, ಇನ್ನೊಂದು ಅಂಗಡಿಯವರು ನೋಡಿದರೂ ತಿಳಿಯಲಿ ಎಂದು. ನೋವಿನ ಗುಳಿಗೆ ಕೇಳಿದವರಿಗೆ ಮೊದಲ ಪ್ರಶ್ನೆ, "ಮತ್ತೇನೇನ ತಗೋತೀರಿ?" ಸಂಜೆ ಬಸ್ಸಿನ ಹೊತ್ತಿಗೆ ಜನ ಗೊಣಗುತ್ತಾರೆ. ಈ ಪ್ರಶ್ನೆ ಕೇಳದ ಅಂಗಡಿಗೆ ಹೋದ ಗಿರಾಕಿಗಳೂ ಇದ್ದಾರೆ, ಮಾಲೀಕರು ಒಂದೆರಡು ಸಲ ಮುಖ ಸಣ್ಣ ಮಾಡಿದ್ದೂ ಇದೆ.

ಅಜ್ಜ ಈಗಲೂ ಬರುತ್ತಾರೆ. ನಾನು ಕೇಳುವ ಮೊದಲೇ ಪ್ಲಾಸ್ಟಿಕ್ ಪೊಟ್ಟಣ ಕೌಂಟರಿನ ಮೇಲೆ ಸುರಿಯುತ್ತಾರೆ. "ಎಲ್ಲಾ ತಂದೀನಿ ನೋಡ ಯವ್ವಾ, ಎಣಿಸ್ಕೊ." ಹೋದ ತಿಂಗಳು ಸುರಿದಾಗ ಕೆಂಪು ಹನಿಯ ಕವರು, ಬಿಪಿಯ ಸ್ಟ್ರಿಪ್ ಇವುಗಳ ನಡುವೆ ಎರಡು ಗುಳಿಗೆಯ ಒಂದು ಬೆಳ್ಳಿ ತುಂಡು ಉರುಳಿತು. ತಿರುಗಿಸಿ ನೋಡಿದೆ, ಬೆನ್ನ ಮೇಲೆ ಒಂದಕ್ಷರವೂ ಇಲ್ಲ.

"ಇದು ಯಾವದ್ರಿ ಅಜ್ಜಾರ?"

"ಅದಾ? ಮಗ್ಗಲ ಮನಿಯಾವ ಕೊಟ್ಟಾನು. ಮಣಕಾಲಿಗೆ ಭಾಳ ಛಲೋ ಐತಂತ."

"ತಗೊಂಡೀರೇನು?"

"ಇಲ್ಲ ಬಿಡ. ನೀ ಬೈತಿ ಅಂತ ತೋರಸಾಕ ತಂದೀನಿ." ಅಂದರು, ಅಂದು ಆ ತುಂಡಿನ ಕಡೆಗೇ ನೋಡುತ್ತ ಮೊಣಕಾಲು ತಿಕ್ಕಿಕೊಂಡರು.